ವಾಸನೆ ಬರದ ಬಾಟಲಿ

ಭಾಗ 1/8

ಫೋಟೋದಲ್ಲಿ ಇರೋದು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ. ಖಾಲಿ. ಯಾವ ರೋಗಿಯದ್ದೂ ಅಲ್ಲ, ಗಾಬರಿ ಬೇಡ. ಆದ್ರೆ ಇದೇ ತರದ ಒಂದು ಬಾಟಲಿ ಹೋದ ವರ್ಷ ನನ್ನ ನಿದ್ದೆ ಕೆಡಿಸಿತ್ತು. ಅದರ ಕಥೆಯನ್ನ ಸ್ವಲ್ಪ ಸ್ವಲ್ಪವೇ ಹೇಳ್ತೀನಿ, ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ.

ಹೊಸಬರಿಗೆ ಒಂದು ಮಾತು. ನಾನು ಎಂಎಲ್‌ಟಿ ಓದ್ತಿದ್ದೀನಿ, ಅಂದ್ರೆ ಲ್ಯಾಬ್ ಟೆಕ್ನಿಷಿಯನ್ ಆಗೋ ಕೋರ್ಸ್. ಊರು ಸಾಗರದ ಹತ್ರ. ಹೋದ ವರ್ಷ ಒಂದು ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಇತ್ತು. ರಕ್ತ, ಮೂತ್ರ ಎಲ್ಲ ಮುಗಿಸಿ ಹಿಸ್ಟೋಪೆಥಾಲಜಿ ವಿಭಾಗಕ್ಕೆ ಹಾಕಿದ್ರು. ಆಪರೇಷನ್‌ನಲ್ಲಿ ತೆಗೆದ ಗಡ್ಡೆ, ಬಯಾಪ್ಸಿ ತುಣುಕು, ಎಲ್ಲ ಬರೋದು ಇಲ್ಲಿಗೇ. ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸ್ಲೈಡ್ ಮಾಡಿ ಡಾಕ್ಟರ್‌ಗೆ ಕೊಡೋದು ನಮ್ಮ ಕೆಲಸ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಅವರು ನೋಡಿ ಹೇಳೋದು ಆ ಸ್ಲೈಡಿನಲ್ಲೇ.

ಒಂದು ಶನಿವಾರ, ಸಂಜೆ ನಾಲ್ಕು ಗಂಟೆ. ಎಂಡೋಸ್ಕೋಪಿ ರೂಮಿನಿಂದ ಒಂದು ಬಾಟಲಿ ಬಂತು. ಹೊಟ್ಟೆಯ ಬಯಾಪ್ಸಿ, ಅಕ್ಕಿ ಕಾಳಿನಷ್ಟು ದೊಡ್ಡ ಮೂರು ತುಣುಕು. ನೀರಿನಂಥ ದ್ರವದಲ್ಲಿ ಮುಳುಗಿದ್ವು. ಫಾರಂ ನೋಡಿದೆ. ಹೆಸರು, ವಯಸ್ಸು, ವಾರ್ಡು ಎಲ್ಲ ಇತ್ತು. 'ಫಿಕ್ಸೇಟಿವ್' ಅನ್ನೋ ಜಾಗ ಮಾತ್ರ ಖಾಲಿ.

ರಿಜಿಸ್ಟರ್‌ನಲ್ಲೂ ಅದೇ ಕಾಲಂ ಇದೆ. ನನಗೆ ಐದು ಗಂಟೆ ಬಸ್ಸು. ಎಲ್ಲಾ ಬಾಟಲಿಯಲ್ಲೂ ಫಾರ್ಮಲಿನ್ನೇ ತಾನೇ ಇರೋದು? ಬರೆದೆ: ಫಾರ್ಮಲಿನ್. ಬಾಟಲಿಯನ್ನ ಶೆಲ್ಫಿನಲ್ಲಿಟ್ಟು ಊರಿಗೆ ಹೋದೆ.

ಅದು ಫಾರ್ಮಲಿನ್ ಆಗಿರ್ಲಿಲ್ಲ.

ಭಾಗ 2/8

ಸೋಮವಾರ ಬೆಳಿಗ್ಗೆ ನಮ್ಮ ಸೀನಿಯರ್ ಟೆಕ್ನಿಷಿಯನ್ ಮೇಡಂ ಆ ಬಾಟಲಿ ಮುಚ್ಚಳ ತೆಗೆದ್ರು. ಒಂದು ಕ್ಷಣ ಸುಮ್ಮನಾದ್ರು. ಫಾರ್ಮಲಿನ್ ಬಾಟಲಿ ತೆಗೆದ್ರೆ ನಾವು ಹುಡುಕಿಕೊಂಡು ಹೋಗ್ಬೇಕಿಲ್ಲ, ವಾಸನೆ ತಾನೇ ಬಂದು ಕಣ್ಣಿಗೆ ಹೊಡೆಯುತ್ತೆ. ಇಲ್ಲಿ ಏನೂ ಬರಲಿಲ್ಲ. ನೀರು ಮಸುಕಾಗಿತ್ತು. ಒಳಗಿದ್ದದ್ದು ಸಲೈನ್, ಬರೀ ಉಪ್ಪುನೀರು.

ತುಣುಕನ್ನ ಆಗಲೇ ಫಾರ್ಮಲಿನ್‌ಗೆ ಹಾಕಿದ್ರು. ಆದ್ರೆ ಅಷ್ಟೊತ್ತಿಗೆ ಸುಮಾರು ನಲವತ್ತು ಗಂಟೆ ಕಳೆದಿತ್ತು.

ಆ ನಲವತ್ತು ಗಂಟೆಯಲ್ಲಿ ಏನಾಗುತ್ತೆ ಅಂತ ನಮಗೆ ಪುಸ್ತಕದಲ್ಲಿ ಒಂದೇ ಶಬ್ದ ಕಲಿಸಿರ್ತಾರೆ: ಆಟೊಲೈಸಿಸ್. ಎರಡು ಮಾರ್ಕಿಗೆ ಬರೆದು ಮರೆತಿರ್ತೀವಿ. ಅಸಲಿಗೆ ಆಗೋದು ಹೀಗೆ. ದೇಹದಿಂದ ಕತ್ತರಿಸಿದ ಕೂಡಲೇ ಜೀವಕೋಶಕ್ಕೆ ರಕ್ತ ನಿಂತುಹೋಗುತ್ತೆ, ಆಮ್ಲಜನಕ ಇಲ್ಲ. ಕೋಶದ ಒಳಗೇ ಲೈಸೋಸೋಮ್ ಅನ್ನೋ ಸಣ್ಣ ಚೀಲಗಳಿವೆ, ಅವುಗಳ ತುಂಬ ಜೀರ್ಣ ಮಾಡೋ ಕಿಣ್ವಗಳು. ಚೀಲ ಒಡೆದ್ರೆ ಆ ಕಿಣ್ವ ಕೋಶವನ್ನೇ ಕರಗಿಸೋಕೆ ಶುರು ಮಾಡುತ್ತೆ. ಇದರ ಮೇಲೆ ಬ್ಯಾಕ್ಟೀರಿಯಾ ಬಂದು ಕೊಳೆಸೋ ಕೆಲಸ ಬೇರೆ. ಹೊಟ್ಟೆ, ಕರುಳು, ಮೇದೋಜೀರಕ ಗ್ರಂಥಿ ಇವೆಲ್ಲ ಬೇಗ ಹಾಳಾಗ್ತವೆ. ಯಾಕಂದ್ರೆ ಜೀರ್ಣ ಮಾಡೋದೇ ಅವುಗಳ ಉದ್ಯೋಗ.

ಬುಧವಾರ ಸ್ಲೈಡ್ ರೆಡಿಯಾಯ್ತು. ನಾನೂ ನೋಡಿದೆ. ಸಾಮಾನ್ಯವಾಗಿ ಹೆಮಟಾಕ್ಸಿಲಿನ್ ಬಣ್ಣಕ್ಕೆ ನ್ಯೂಕ್ಲಿಯಸ್ ನೇರಳೆ ಚುಕ್ಕಿಯ ಹಾಗೆ ಎದ್ದು ಕಾಣುತ್ತೆ, ಸುತ್ತ ಇಯೋಸಿನ್‌ನ ಗುಲಾಬಿ. ಇಲ್ಲಿ ಎಲ್ಲ ತಿಳಿ ಗುಲಾಬಿ, ಅಷ್ಟೇ. ಮೇಲಿನ ಪದರ ಕಳಚಿ ಹೋಗಿತ್ತು. ಕೋಶಗಳು ಇದ್ದ ಜಾಗದಲ್ಲಿ ಅವುಗಳ ನೆರಳು ಇತ್ತು.

ಡಾಕ್ಟರ್ ಬರೆದ್ರು: ಅಂಗಾಂಶ ಹಾಳಾಗಿದೆ, ಅಭಿಪ್ರಾಯ ಕೊಡಲು ಸಾಧ್ಯವಿಲ್ಲ, ಮತ್ತೆ ಬಯಾಪ್ಸಿ ಮಾಡಿ ಕಳುಹಿಸಿ.

ಎಂಡೋಸ್ಕೋಪಿ ರೂಮಿನ ಸಿಸ್ಟರ್‌ಗೆ ಬೈಗುಳ ಬಿತ್ತು. ರಿಜಿಸ್ಟರ್‌ನಲ್ಲಿ ನನ್ನ ಅಕ್ಷರದಲ್ಲಿ 'ಫಾರ್ಮಲಿನ್' ಅಂತಿತ್ತು. ಯಾರೂ ಆ ಪುಟ ತೆಗೆದು ನೋಡ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ.

ಭಾಗ 3/8

ಕಥೆಗೆ ಸ್ವಲ್ಪ ಬ್ರೇಕ್. ಫಾರ್ಮಲಿನ್ ಅಂದ್ರೆ ಏನು ಅಂತ ಬಹಳ ಜನ ಡಿಎಂ ಮಾಡಿದ್ದೀರಿ.

ಫಾರ್ಮಾಲ್ಡಿಹೈಡ್ ಒಂದು ಅನಿಲ. ನೀರಿನಲ್ಲಿ ಎಷ್ಟು ಹಿಡಿಯುತ್ತೋ ಅಷ್ಟು ಕರಗಿಸಿದ್ರೆ ಸುಮಾರು 37ರಿಂದ 40% ದ್ರಾವಣ ಆಗುತ್ತೆ, ಅದೇ ಅಂಗಡಿಯಲ್ಲಿ ಸಿಗೋ ಫಾರ್ಮಲಿನ್. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದ್ರೆ '10% ಫಾರ್ಮಲಿನ್'. ಗಮನಿಸಿ, ಅದರಲ್ಲಿ ಫಾರ್ಮಾಲ್ಡಿಹೈಡ್ ಇರೋದು ಸುಮಾರು 4% ಮಾತ್ರ. ವೈವಾದಲ್ಲಿ ಇಲ್ಲೇ ಎಲ್ರೂ ಎಡವೋದು.

ಇದು ಅಂಗಾಂಶವನ್ನ ಗಟ್ಟಿ ಮಾಡುತ್ತೆ ಅಂತ ಗೊತ್ತಾಗಿದ್ದು ಬೆರಳಿನಿಂದ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫರ್ಡಿನಾಂಡ್ ಬ್ಲೂಮ್ ಅನ್ನೋ ವೈದ್ಯ ಫಾರ್ಮಾಲ್ಡಿಹೈಡ್ ರೋಗಾಣುಗಳನ್ನ ಕೊಲ್ಲುತ್ತಾ ಅಂತ ಪರೀಕ್ಷೆ ಮಾಡ್ತಿದ್ರು. ಕೆಲಸ ಮಾಡ್ತಾ ಮಾಡ್ತಾ ತಮ್ಮ ಬೆರಳ ತುದಿಯ ಚರ್ಮ ಆಲ್ಕೋಹಾಲಿನಲ್ಲಿಟ್ಟ ಅಂಗಾಂಶದ ಹಾಗೆ ಗಟ್ಟಿಯಾಗಿದ್ದನ್ನ ನೋಡಿದ್ರು. ಚರ್ಮಕ್ಕೆ ಹೀಗಾದ್ರೆ ಒಳಗಿನ ಅಂಗಾಂಶಕ್ಕೂ ಆಗಬೇಕಲ್ಲ ಅಂತ ಪ್ರಯೋಗ ಮಾಡಿ 1893ರಲ್ಲಿ ಪ್ರಕಟಿಸಿದ್ರು. ಇವತ್ತಿಗೂ ಲ್ಯಾಬ್‌ಗಳಲ್ಲಿ ದಿನನಿತ್ಯ ಬಳಸೋದು ಅದನ್ನೇ.

ಅದು ಮಾಡೋದೇನು? ಪಕ್ಕಪಕ್ಕದ ಪ್ರೋಟೀನುಗಳ ನಡುವೆ ಸಣ್ಣ ಸಣ್ಣ ಸೇತುವೆ ಕಟ್ಟುತ್ತೆ. ಪ್ರೋಟೀನು ಎಲ್ಲಿತ್ತೋ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಕರಗಿಸೋಕೆ ಹೊರಟಿದ್ದ ಕಿಣ್ವವೂ ಪ್ರೋಟೀನೇ, ಅದೂ ಕೆಲಸ ಮಾಡದ ಹಾಗಾಗುತ್ತೆ.

ಜೂನಿಯರ್ಸ್, ಬಫರ್ಡ್ ಫಾರ್ಮಲಿನ್ ಲೆಕ್ಕ ಬರ್ಕೊಳ್ಳಿ, ಒಂದು ಲೀಟರಿಗೆ: ಫಾರ್ಮಲಿನ್ 100 ಎಂಎಲ್, ಡಿಸ್ಟಿಲ್ಡ್ ವಾಟರ್ 900 ಎಂಎಲ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಈ ಎರಡು ಉಪ್ಪು ಯಾಕೆ? ಫಾರ್ಮಲಿನ್ ಇಟ್ಟಲ್ಲೇ ನಿಧಾನಕ್ಕೆ ಫಾರ್ಮಿಕ್ ಆಸಿಡ್ ಆಗುತ್ತೆ. ಆ ಹುಳಿ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಸ್ಲೈಡ್ ತುಂಬ ಕಂದುಕಪ್ಪು ಪುಡಿ ಎರಚಿದ ಹಾಗೆ ಮಾಡುತ್ತೆ. ಉಪ್ಪು ಹಾಕಿದ್ರೆ ಪಿಎಚ್ 7ರ ಆಸುಪಾಸಿನಲ್ಲಿ ನಿಲ್ಲುತ್ತೆ.

ಭಾಗ 4/8

ಈ ಫೋಟೋ ನಮ್ಮನೆ ಮಿಡಿ ಉಪ್ಪಿನಕಾಯಿ ಭರಣಿ. ಲ್ಯಾಬ್ ಪೇಜಿನಲ್ಲಿ ಉಪ್ಪಿನಕಾಯಿ ಯಾಕೆ ಅಂತ ನಗಬೇಡಿ.

ಅಪ್ಪೆಮಿಡಿ ಕೊಯ್ದ ದಿನ ಅಮ್ಮ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳಲ್ಲ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗಬಾರದು, ತೊಟ್ಟು ಇರಬೇಕು, ಅವತ್ತೇ ತೊಳೆದು ಒರೆಸಿ ಉಪ್ಪಿಗೆ ಬೀಳಬೇಕು. "ನಾಳೆ ಹಾಕಿದ್ರೆ ಆಗಲ್ವಾ ಅಮ್ಮ?" ಅಂತ ಒಮ್ಮೆ ಕೇಳಿದ್ದೆ. "ನಾಳೆ ಎಷ್ಟ್ ಉಪ್ಪು ಹಾಕಿದ್ರೂ ಇವತ್ತಿನ ಮಿಡಿ ಆಗ್ತದಾ?" ಅಂದಿದ್ಲು.

ಉಪ್ಪು ಮಿಡಿಯ ನೀರು ಎಳೆದು ಉಳಿಸುತ್ತೆ, ಫಾರ್ಮಲಿನ್ ಪ್ರೋಟೀನು ಬಿಗಿದು ಉಳಿಸುತ್ತೆ. ದಾರಿ ಬೇರೆ. ಆದ್ರೆ ಹೊತ್ತು ಮೀರಬಾರದು ಅನ್ನೋದು ಎರಡಕ್ಕೂ ಒಂದೇ.

ಹೊತ್ತಿನ ಜೊತೆಗೆ ಇನ್ನೂ ಎರಡು ವಿಷಯ ಇದೆ. ಒಂದು, ಗಾತ್ರ. ಫಾರ್ಮಲಿನ್ ಒಳಗೆ ಇಳಿಯೋದು ತುಂಬ ನಿಧಾನ, ಗಂಟೆಗೆ ಸರಿಸುಮಾರು 1 ಮಿಲಿಮೀಟರ್ ಅಂತ ಲೆಕ್ಕ ಇಟ್ಕೊಳ್ಳಿ. ದೊಡ್ಡ ಗಡ್ಡೆಯನ್ನ ಹಾಗೇ ಮುಳುಗಿಸಿಟ್ರೆ ಹೊರಗೆ ಗಟ್ಟಿ, ನಡುವೆ ಕೊಳೆತಿರುತ್ತೆ. ಅದಕ್ಕೇ ಸೀಳಿ ಇಡಬೇಕು, ಪ್ರೊಸೆಸಿಂಗ್‌ಗೆ ಹಾಕೋ ತುಣುಕು 4 ಮಿಲಿಮೀಟರ್‌ಗಿಂತ ದಪ್ಪ ಇರಬಾರದು. ಎರಡು, ದ್ರವದ ಪ್ರಮಾಣ. ಅಂಗಾಂಶದ ಕನಿಷ್ಠ ಹತ್ತು ಪಟ್ಟು, ಇಪ್ಪತ್ತು ಪಟ್ಟಾದ್ರೆ ಇನ್ನೂ ಒಳ್ಳೇದು. ಸಣ್ಣ ಡಬ್ಬಿಗೆ ದೊಡ್ಡ ಗಡ್ಡೆ ತುರುಕಿ, ಮೇಲೆ ಎರಡು ಚಮಚ ಫಾರ್ಮಲಿನ್ ಚಿಮುಕಿಸಿ ಕಳಿಸಿದ್ದನ್ನ ನಾನೇ ನೋಡಿದ್ದೀನಿ.

ಮೇಡಂ ಆ ವಾರ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. "ನೋಡು, ಸೆಕ್ಷನ್ ಹರಿದ್ರೆ ಇನ್ನೊಂದು ಕಟ್ ಮಾಡಬಹುದು. ಸ್ಟೇನ್ ಸರಿ ಬರಲಿಲ್ಲ ಅಂದ್ರೆ ತೊಳೆದು ಮತ್ತೆ ಹಾಕಬಹುದು. ವ್ಯಾಕ್ಸ್ ಬ್ಲಾಕ್ ಕೂಡ ಕರಗಿಸಿ ಮತ್ತೆ ಮಾಡಬಹುದು. ಫಿಕ್ಸೇಷನ್ ಮಾತ್ರ ಎರಡನೇ ಸಲ ಇಲ್ಲ."

ಅವರು ನನಗೆ ಪಾಠ ಹೇಳ್ತಿದ್ರು. ನನಗೆ ಮಾತ್ರ ಎಲ್ಲ ಗೊತ್ತಾಗಿಯೇ ಹೇಳ್ತಿದ್ದಾರೆ ಅನ್ನಿಸ್ತಿತ್ತು.

ಭಾಗ 5/8

ಇವತ್ತಿನ ಫೋಟೋ ನಾನೇ ಮಾಡಿದ ಈರುಳ್ಳಿ ಬೇರಿನ ಸ್ಲೈಡ್. ವಿಭಜನೆ ಆಗ್ತಿರೋ ಕೋಶ, ಒಳಗೆ ಕ್ರೋಮೋಸೋಮ್. ಪಿಯುಸಿಯಲ್ಲಿ ಎಲ್ರೂ ಮಾಡಿರ್ತೀರಿ.

ಬೇರಿನ ತುದಿಯನ್ನ ಯಾವುದರಲ್ಲಿ ಹಾಕಿದ್ರಿ ನೆನಪಿದೆಯಾ? ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಸಿಡ್. ಇದೂ ಫಿಕ್ಸೇಟಿವ್ವೇ. ಕ್ರೋಮೋಸೋಮನ್ನ ಚೆನ್ನಾಗಿ ಹಿಡಿಯುತ್ತೆ, ಮೈಟೋಕಾಂಡ್ರಿಯಾವನ್ನ ಹಾಳು ಮಾಡುತ್ತೆ. ನಮಗೆ ಬೇಕಾಗಿದ್ದು ಕ್ರೋಮೋಸೋಮ್, ಹಾಗಾಗಿ ನಡೆಯುತ್ತೆ.

ಎಲ್ಲವನ್ನೂ ಉಳಿಸೋ ಫಿಕ್ಸೇಟಿವ್ ಅಂತ ಇಲ್ಲ. ಏನು ನೋಡಬೇಕು ಅಂತ ಮೊದಲೇ ತೀರ್ಮಾನ ಮಾಡಿ ಆರಿಸಬೇಕು. ಪ್ಯಾಪ್ ಸ್ಮಿಯರ್ ಅಂದ್ರೆ 95% ಆಲ್ಕೋಹಾಲ್, ಅದೂ ಸ್ಲೈಡ್ ಒಣಗೋ ಮುಂಚೆ. ಒಣಗಿಬಿಟ್ರೆ ನ್ಯೂಕ್ಲಿಯಸ್ ಹಿಗ್ಗಿ ಮಸುಕಾಗುತ್ತೆ. ಮಲೇರಿಯಾ ನೋಡೋ ತೆಳು ರಕ್ತಲೇಪಕ್ಕೆ ಇದರ ಉಲ್ಟಾ. ಮೊದಲು ಒಣಗಬೇಕು, ಆಮೇಲೆ ಮೆಥನಾಲ್. ವೃಷಣದ ಬಯಾಪ್ಸಿಗೆ ಬೂಯಾನ್ ದ್ರಾವಣ, ಪಿಕ್ರಿಕ್ ಆಸಿಡ್ ಇರೋದ್ರಿಂದ ಅರಿಶಿನದ ಬಣ್ಣ. ಪಿಕ್ರಿಕ್ ಆಸಿಡ್ ಒಣಗಿದ್ರೆ ಸಿಡಿಯುತ್ತೆ, ಆ ಬಾಟಲಿ ಹುಷಾರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಗ್ಲುಟರಾಲ್ಡಿಹೈಡ್, ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್. ಆಸ್ಮಿಯಂ ಕೊಬ್ಬನ್ನ ಹಿಡಿದು ಕಪ್ಪು ಮಾಡುತ್ತೆ.

ಫಾರ್ಮಲಿನ್ ಕೊಬ್ಬನ್ನ ಹಿಡಿಯಲ್ಲ. ಮುಂದೆ ಆಲ್ಕೋಹಾಲ್, ಝೈಲೀನ್‌ನಲ್ಲಿ ಹಾಕಿದಾಗ ಕೊಬ್ಬು ಕರಗಿ ಹೋಗುತ್ತೆ. ಸ್ಲೈಡಿನಲ್ಲಿ ಕೊಬ್ಬಿನ ಕೋಶ ಖಾಲಿ ಉಂಗುರದ ಹಾಗೆ ಕಾಣೋದು ಅದಕ್ಕೇ.

ಆದ್ರೂ ಸರಿಯಾಗಿ ಫಿಕ್ಸ್ ಆದ ತುಣುಕು ಎಷ್ಟು ಕಾಲ ಮಾತಾಡುತ್ತೆ ಗೊತ್ತಾ? 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಅಮೆರಿಕದ 21 ವರ್ಷದ ಒಬ್ಬ ಸೈನಿಕ ತೀರಿಕೊಂಡಿದ್ದ. ಅವನ ಶ್ವಾಸಕೋಶದ ತುಣುಕನ್ನ ಫಾರ್ಮಲಿನ್‌ನಲ್ಲಿ ಫಿಕ್ಸ್ ಮಾಡಿ ಮೇಣದಲ್ಲಿ ಇಟ್ಟಿದ್ರು. 1997ರಲ್ಲಿ ಜೆಫ್ರಿ ಟಾಬೆನ್‌ಬರ್ಗರ್ ಮತ್ತು ತಂಡ ಅದೇ ತುಣುಕಿನಿಂದ ಆ ವೈರಸ್‌ನ ಆರ್‌ಎನ್‌ಎ ಚೂರುಗಳನ್ನ ಓದಿದ್ರು. ಎಪ್ಪತ್ತೊಂಬತ್ತು ವರ್ಷ ಆದ ಮೇಲೆ!

ನನ್ನ ಶೆಲ್ಫಿನ ಬಾಟಲಿ ಎರಡು ದಿನ ಉಳೀಲಿಲ್ಲ.

ಭಾಗ 6/8

ಈಗ ಮತ್ತೆ ಆಸ್ಪತ್ರೆಗೆ. ರಿಪೋರ್ಟ್ ಬಂದ ಮಾರನೇ ದಿನ, ಗುರುವಾರ, ಕೌಂಟರ್ ಡ್ಯೂಟಿ ನನ್ನದೇ.

ಹನ್ನೊಂದು ಗಂಟೆಗೆ ಒಬ್ಬ ಅಜ್ಜಿ ಬಂದ್ರು. ಜೊತೆಗೆ ಮಗ. ಅವನು ಚೀಟಿ ಕೊಟ್ಟ. ಹೆಸರು ನೋಡಿದ ಕೂಡಲೇ ಗೊತ್ತಾಯ್ತು. ಇಲ್ಲಿಯವರೆಗೆ ನನಗೆ ಅವರು ಒಂದು ನಂಬರ್ ಆಗಿದ್ರು, ಮೂರು ಅಕ್ಕಿ ಕಾಳು ಆಗಿದ್ರು. ಈಗ ಎದುರಿಗೆ ನಿಂತಿದ್ದಾರೆ, ಸೆರಗಿನ ತುದಿಯಲ್ಲಿ ಬಾಯಿ ಒರೆಸಿಕೊಳ್ತಾ.

ರಿಪೋರ್ಟ್ ಕೊಟ್ಟೆ. ಮಗನಿಗೆ ಇಂಗ್ಲಿಷ್ ಅರ್ಥ ಆಗ್ಲಿಲ್ಲ. "ಏನ್ ಬಂದಿದೆ ಮೇಡಂ?" ಅಂದ. ನನ್ನನ್ನ ಯಾರೋ ಮೇಡಂ ಅಂದಿದ್ದು ಅದೇ ಮೊದಲು.

"ಸ್ಯಾಂಪಲ್ ಸರಿ ಇರಲಿಲ್ಲ. ಇನ್ನೊಂದು ಸಲ ಎಂಡೋಸ್ಕೋಪಿ ಮಾಡಿಸ್ಬೇಕು. ಡಾಕ್ಟರ್ ಹತ್ರ ಹೋಗಿ" ಅಂದೆ.

ಈ ವಾಕ್ಯವನ್ನ ಗಮನಿಸಿ ಫ್ರೆಂಡ್ಸ್. 'ಸ್ಯಾಂಪಲ್ ಸರಿ ಇರಲಿಲ್ಲ.' ಸುಳ್ಳು ಅಂತ ಯಾರೂ ಹೇಳೋಕಾಗಲ್ಲ. ಕೇಳಿದವರಿಗೆ ಮಾತ್ರ ತಮ್ಮ ಹೊಟ್ಟೆಯಲ್ಲೇ ಏನೋ ದೋಷ ಇತ್ತು ಅನ್ನಿಸ್ಬೇಕು, ಹಾಗಿದೆ.

ಅಜ್ಜಿಯ ಮುಖ ಇಳಿದುಹೋಯ್ತು. ಗಂಟಲೊಳಗೆ ಆ ಪೈಪು ಮತ್ತೆ. ಹಿಂದಿನ ರಾತ್ರಿಯಿಂದ ಊಟ ಇಲ್ಲದೆ ಮತ್ತೆ. ಸ್ವಲ್ಪ ಹೊತ್ತು ರಿಪೋರ್ಟನ್ನೇ ನೋಡ್ತಿದ್ರು, ಓದೋಕೆ ಬರ್ತಿರ್ಲಿಲ್ಲ ಅಂತ ಕಾಣುತ್ತೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು:

"ಅಲ್ಲ ಮಗಾ, ಹೋದ್ಸಲ ಮೂರು ಚೂರು ತಗ್ದಿದ್ರಲ್ಲ, ಅದೆಲ್ಲಿ ಹೋತು?"

ಜಗಳದ ದನಿ ಇರ್ಲಿಲ್ಲ. ಮನೆಯಲ್ಲಿ ಇಟ್ಟ ಪಾತ್ರೆ ಕಾಣದೇ ಇದ್ರೆ ಕೇಳ್ತಾರಲ್ಲ, ಹಾಗೆ ಕೇಳಿದ್ರು. ನನ್ನ ಹತ್ರ ಆಟೊಲೈಸಿಸ್‌ನ ಎರಡು ಮಾರ್ಕಿನ ಉತ್ತರ ಇತ್ತು. ಆ ಪ್ರಶ್ನೆಗೆ ಉತ್ತರ ಇರ್ಲಿಲ್ಲ. "ಡಾಕ್ಟರ್ ಹೇಳ್ತಾರೆ ಅಜ್ಜಿ" ಅಂದೆ, ಮುಂದಿನವರ ಚೀಟಿ ತಗೊಂಡೆ.

ಮಧ್ಯಾಹ್ನ ಬುತ್ತಿ ಬಿಚ್ಚಿದೆ. ಒಂದು ತುತ್ತು ಇಳೀಲಿಲ್ಲ.

ಭಾಗ 7/8

ಅವತ್ತೇ ಮೂರು ಗಂಟೆಗೆ ಮೇಡಂ ಹತ್ರ ಹೋಗಿ ರಿಜಿಸ್ಟರ್ ತೆಗೆದು ತೋರಿಸಿದೆ. "ಇದು ನಾನು ಬರೆದಿದ್ದು. ಫಾರಂನಲ್ಲಿ ಖಾಲಿ ಇತ್ತು. ಕೇಳದೆ ಬರೆದೆ" ಅಂದೆ.

ಬೈತಾರೆ ಅಂದುಕೊಂಡಿದ್ದೆ. ಬೈದ್ರು ಕೂಡ, ಆದ್ರೆ ನಾನು ಅಂದುಕೊಂಡ ವಿಷಯಕ್ಕಲ್ಲ. "ಶನಿವಾರದ್ದು ತಪ್ಪು. ಎಲ್ಲರಿಗೂ ಆಗುತ್ತೆ. ಸೋಮವಾರದಿಂದ ಇವತ್ತಿನ ತನಕ ಸುಮ್ಮನಿದ್ದೆಯಲ್ಲ, ಅದು?" ಅಂದ್ರು. ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಸರ್ ಎಲ್ಲ ಕೇಳಿ ರಿಜಿಸ್ಟರ್ ನನ್ನ ಕಡೆ ತಳ್ಳಿದ್ರು. ವೈಟ್ನರ್ ಹಚ್ಚೋ ಹಾಗಿಲ್ಲ. 'ಫಾರ್ಮಲಿನ್' ಮೇಲೆ ಒಂದೇ ಗೆರೆ, ಹಳೇ ಅಕ್ಷರ ಓದೋಕೆ ಬರೋ ಹಾಗೆ. ಪಕ್ಕದಲ್ಲಿ 'ಸಲೈನ್, ಸ್ವೀಕರಿಸುವಾಗ ಪರಿಶೀಲಿಸಿಲ್ಲ'. ತಾರೀಕು, ಸಹಿ. ಆ ಪುಟ ಅಲ್ಲೇ ಇದೆ ಇನ್ನೂ.

ಆಮೇಲೆ ಸಿಸ್ಟರ್ ಹತ್ರ ಹೋದೆ. ಸಲೈನ್ ತುಂಬಿದ ತಪ್ಪು ಅವರ ಕಡೆಯದ್ದೇ, ನಿಜ. ಆದ್ರೆ ನಾನು ಶನಿವಾರ ಒಂದು ಫೋನ್ ಮಾಡಿದ್ದಿದ್ರೆ ಐದೇ ನಿಮಿಷದಲ್ಲಿ ಸರಿಹೋಗ್ತಿತ್ತು. ಅದನ್ನೇ ಹೇಳಿದೆ. ಅವರು ಏನೂ ಅನ್ನಲಿಲ್ಲ, ಕೂತ್ಕೋ ಅಂತ ಸ್ಟೂಲು ತೋರಿಸಿದ್ರು.

ಮುಂದಿನ ವಾರ ಅಜ್ಜಿ ಮತ್ತೆ ಬಂದ್ರು. ನಾನು ಬಫರ್ಡ್ ಫಾರ್ಮಲಿನ್ ತುಂಬಿ, ಲೇಬಲ್ ಹಚ್ಚಿದ ಬಾಟಲಿ ಹಿಡಿದು ಎಂಡೋಸ್ಕೋಪಿ ರೂಮಿನ ಬಾಗಿಲಲ್ಲೇ ನಿಂತಿದ್ದೆ. ತೆಗೆದ ತುಣುಕು ಒಂದು ನಿಮಿಷದೊಳಗೆ ಬಾಟಲಿಗೆ ಬಿತ್ತು. ಹೊತ್ತು ಬರೆದುಕೊಂಡೆ.

ಆಮೇಲೆ ಹೊರಗೆ ಬೆಂಚಿನ ಮೇಲೆ ಅಜ್ಜಿ ಕೂತಿದ್ರು. ಪಕ್ಕ ಕೂತು ಹೇಳಿದೆ, "ಅಜ್ಜಿ, ಹೋದ ಸಲ ನಿಮ್ಮ ಹೊಟ್ಟೇದು ಏನೂ ತಪ್ಪಿರ್ಲಿಲ್ಲ. ತಪ್ಪು ನಮ್ದು. ಬಾಟಲಿಯಲ್ಲಿ ಔಷಧಿ ಇರ್ಲಿಲ್ಲ, ನಾನು ನೋಡ್ಲಿಲ್ಲ."

ಅಜ್ಜಿ ನನ್ನನ್ನ ನೋಡಿದ್ರು. ಸಿನಿಮಾದಲ್ಲಿ ಆಗಿದ್ರೆ ತಲೆ ಸವರ್ತಿದ್ರು. "ನಂಗೇನು, ಬಸ್ಸು ಫ್ರೀ" ಅಂದ್ರು. "ಮಗಂದು ಎರಡ್ ದಿನದ ಕೂಲಿ ಹೋತು ಕಣೆ." ಅಷ್ಟೇ. ಸ್ವಲ್ಪ ಬಿಟ್ಟು, "ಈ ಸಲ ಸರಿ ಇಟ್ಕಂಡ್ಯಾ?" ಅಂದ್ರು.

"ಇಟ್ಕೊಂಡೆ ಅಜ್ಜಿ."

ಭಾಗ 8/8

ಕೊನೇ ಭಾಗ.

ಅಜ್ಜಿ ರಿಪೋರ್ಟ್ ಏನು ಬಂತು ಅಂತ ಎಷ್ಟೋ ಜನ ಕೇಳಿದ್ದೀರಿ. ಅದು ಅವರ ವಿಷಯ, ಹೇಳಲ್ಲ. ಗುರುತು ಸಿಗೋ ವಿವರ ಎಲ್ಲ ಬಿಟ್ಟೇ ಬರೆದಿದ್ದೀನಿ. ಒಂದು ಮಾತ್ರ ಹೇಳಬಹುದು. ಸ್ಲೈಡಿನಲ್ಲಿ ಪ್ರತಿ ನ್ಯೂಕ್ಲಿಯಸ್ಸೂ ಅದರದರ ಜಾಗದಲ್ಲಿ ನೇರಳೆಯಾಗಿ ಕೂತಿತ್ತು. ಡಾಕ್ಟರ್ ನೋಡಿ ಉತ್ತರ ಬರೆದ್ರು. ಉತ್ತರ ಒಳ್ಳೇದಿರಲಿ ಕೆಟ್ಟದಿರಲಿ, ಅದು ಅವರಿಗೆ ಸಿಗಬೇಕಾಗಿತ್ತು, ಸಿಕ್ಕಿತು.

ಪೋಸ್ಟಿಂಗ್‌ಗೆ ಹೋಗೋ ಜೂನಿಯರ್ಸ್, ಇದನ್ನ ಸೇವ್ ಮಾಡಿಟ್ಕೊಳ್ಳಿ:

1. ಬಾಟಲಿ ಬಂದಾಗ ಲೇಬಲ್ ಮತ್ತು ಫಾರಂ ಎರಡನ್ನೂ ಓದಿ. ಯಾವ ದ್ರವ ಅಂತ ಬರೆದಿಲ್ಲ ಅಂದ್ರೆ ವಾರ್ಡಿಗೆ ಫೋನ್ ಮಾಡಿ. ಗೊತ್ತಿಲ್ಲದ್ದನ್ನ ರಿಜಿಸ್ಟರ್‌ನಲ್ಲಿ ಬರೀಬೇಡಿ.

2. ತೆಗೆದ ಹೊತ್ತು, ಫಿಕ್ಸೇಟಿವ್‌ಗೆ ಹಾಕಿದ ಹೊತ್ತು ಎರಡೂ ಬೇಕು. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗೆ ತುಣುಕು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಕಡಿಮೆಯಾದ್ರೂ ಕಷ್ಟ, ಜಾಸ್ತಿಯಾದ್ರೂ ಕಷ್ಟ.

3. ವಾಸನೆ ನೋಡಿ ಪರೀಕ್ಷೆ ಮಾಡಬೇಡಿ. ನನ್ನ ಕಥೆಯ ಹೆಸರು ಹಾಗಿದೆ ಅಂತ ಬಾಟಲಿಗೆ ಮೂಗು ಇಡಬೇಡಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನ ಮೊದಲ ಗುಂಪಿಗೆ ಸೇರಿಸಿದೆ. ಗ್ಲೌಸ್ ಹಾಕಿ, ಫ್ಯೂಮ್ ಹುಡ್ ಕೆಳಗೆ ಅಥವಾ ಗಾಳಿ ಚೆನ್ನಾಗಿ ಆಡೋ ಕಡೆ ತುಂಬಿ, ಮುಚ್ಚಳ ಬಿಗಿ ಮಾಡಿ.

4. ವಾರ್ಡಿಗೆ ಖಾಲಿ ಬಾಟಲಿ ಕಳಿಸಬೇಡಿ. ತುಂಬಿ, ಹೆಸರು ಬರೆದು ಕಳಿಸಿ. ಈಗ ಆ ಆಸ್ಪತ್ರೆಯಲ್ಲಿ ಹಾಗೇ ಮಾಡ್ತಾರೆ. ಮೇಡಂ ಆ ವಾರದಿಂದಲೇ ಶುರು ಮಾಡಿದ್ರು.

5. ತಪ್ಪಾದ್ರೆ ಅವತ್ತೇ ಹೇಳಿ. ತಡ ಮಾಡಿದಷ್ಟೂ ಕೆಡುತ್ತೆ.

ಮೊದಲ ಭಾಗದಲ್ಲಿ ಹಾಕಿದ ಖಾಲಿ ಬಾಟಲಿ ನನ್ನ ಟೇಬಲ್ ಮೇಲಿದೆ, ಪೆನ್ನು ಇಡೋಕೆ. ಬರೆಯೋ ಮುಂಚೆ ಒಂದು ಸಲ ಅದರ ಕಡೆ ಕಣ್ಣು ಹೋಗುತ್ತೆ.

ನಿಮ್ಮ ಪೋಸ್ಟಿಂಗ್‌ನಲ್ಲಿ ಹೀಗೇನಾದ್ರೂ ಆಗಿದ್ರೆ ಕಮೆಂಟ್‌ನಲ್ಲಿ ಹೇಳಿ. ಆಸ್ಪತ್ರೆ ಹೆಸರು, ರೋಗಿ ಹೆಸರು ಬೇಡ. ಮುಂದಿನ ಸರಣಿ ಮೈಕ್ರೋಟೋಮ್ ಬಗ್ಗೆ. ಅಲ್ಲಿ ಬೆರಳು ಕೊಯ್ದುಕೊಂಡ ಕಥೆ ಇದೆ, ನಗೋಕೆ.

#ಎಂಎಲ್‌ಟಿ #ಹಿಸ್ಟೋಪೆಥಾಲಜಿ #ಫಾರ್ಮಲಿನ್ #ಲ್ಯಾಬ್‌ಕಥೆ #ಕನ್ನಡದಲ್ಲಿವಿಜ್ಞಾನ